'ಪಿಜಿ ಸಿಕ್ಕಿತು': ಬಿ.ಎ. ತರಗತಿಯಿಂದ ಎಂ.ಎ. ತರಗತಿಗೆ ಮೇಷ್ಟರು ಹೋಗುವ ದಾರಿ

ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಜೂನ್, ಜುಲೈ ಬಂತೆಂದರೆ ಒಂದು ಮಾತು ಕೇಳಿಬರುತ್ತದೆ: 'ಅವರಿಗೆ ಪಿಜಿ ಸಿಕ್ಕಿತಂತೆ.' ಸೈಟು ಸಿಕ್ಕಿತು, ಊರಿನ ಹತ್ತಿರಕ್ಕೆ ವರ್ಗಾವಣೆ ಸಿಕ್ಕಿತು ಎನ್ನುವ ಧಾಟಿಯಲ್ಲೇ ಇದನ್ನೂ ಹೇಳುತ್ತಾರೆ. ಪಿಜಿ, ಅಂದರೆ ಸ್ನಾತಕೋತ್ತರ ತರಗತಿಯ ಪಾಠ, ಸಿಕ್ಕವರ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ. ಹುದ್ದೆಯ ಹೆಸರು ಅದೇ, ಕುರ್ಚಿ ಅದೇ. ಆದರೂ ಅವರ ನಡಿಗೆಯಲ್ಲಿ ಒಂದು ಗತ್ತು ಬರುತ್ತದೆ. ಮದುವೆ ಮನೆಯಲ್ಲಿ ಪರಿಚಯ ಮಾಡಿಕೊಡುವವರು 'ಇವರು ಎಂ.ಎ.ಗೂ ಪಾಠ ಮಾಡುತ್ತಾರೆ' ಎಂದು ಸೇರಿಸುತ್ತಾರೆ.

ನನಗೆ ಪಿಜಿ ಸಿಕ್ಕಿದ್ದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ, ಇತಿಹಾಸ ಪಾಠ ಮಾಡಲು ತೊಡಗಿ ಒಂಬತ್ತು ವರ್ಷವಾದ ಮೇಲೆ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದಾಗ ಪ್ರಾಂಶುಪಾಲರು ವೇಳಾಪಟ್ಟಿಯ ಹಾಳೆಯನ್ನು ನನ್ನ ಕಡೆ ಸರಿಸಿ, 'ಮೇಡಂ, ನಿಮಗೆ ಎಂ.ಎ. ಮೊದಲ ಸೆಮಿಸ್ಟರಿನ ಎರಡು ಪೇಪರ್ ಹಾಕಿದ್ದೇನೆ, ನಾಳೆಯಿಂದ ಶುರು ಮಾಡಿಬಿಡಿ' ಎಂದರು. ನನ್ನ ತಯಾರಿಗೆ ಸಿಕ್ಕಿದ್ದು ಒಂದು ರಾತ್ರಿ. ನಾನು ಎಂ.ಎ. ಓದಿದ್ದಾಗ ಬರೆದುಕೊಂಡಿದ್ದ ನೋಟ್ಸಿನ ಟ್ರಂಕನ್ನು ಅಟ್ಟದಿಂದ ಇಳಿಸಿದೆ. ಮಾರನೆಯ ದಿನ ಅದನ್ನೇ ಹೇಳಿ ಬರೆಸಿದೆ.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಬರೆಯಬೇಕಾದ ಅಗತ್ಯವಿರಲಿಲ್ಲ. ಕರ್ನಾಟಕದಲ್ಲಿ ಪದವಿ ತರಗತಿಯ ಅಧ್ಯಾಪಕರು ಸ್ನಾತಕೋತ್ತರ ತರಗತಿಗೆ ಹೋಗುವುದು ಬಹುಮಟ್ಟಿಗೆ ಹೀಗೆಯೇ. ಹೆಚ್ಚು ಓದಿದವರು, ಹೆಚ್ಚು ವರ್ಷ ಪಾಠ ಮಾಡಿದವರು, ಸಂಶೋಧನೆ ಮಾಡಿದವರು ಕ್ರಮೇಣ ಮೇಲಿನ ತರಗತಿಗೆ ಹೋಗುತ್ತಾರೆ ಎಂದು ಹೊರಗಿನವರು ಅಂದುಕೊಂಡಿರುತ್ತಾರೆ. ವಾಸ್ತವದಲ್ಲಿ ಅದನ್ನು ತೀರ್ಮಾನಿಸುವುದು ನಿಮ್ಮ ಸಂಬಳದ ಬಿಲ್ಲು ಯಾವ ಕಚೇರಿಯಲ್ಲಿ ಆಗುತ್ತದೆ ಎಂಬ ಸಂಗತಿ. ಕಾಲೇಜು ಶಿಕ್ಷಣ ಇಲಾಖೆಯ ಬಿಲ್ಲಾದರೆ ಒಂದು ದಾರಿ, ವಿಶ್ವವಿದ್ಯಾಲಯದ ಬಿಲ್ಲಾದರೆ ಇನ್ನೊಂದು, ಬಿಲ್ಲೇ ಇಲ್ಲದ ಅತಿಥಿ ಉಪನ್ಯಾಸಕರಾದರೆ ಮೂರನೆಯದು. ವಿಚಿತ್ರವೆಂದರೆ, ಎಂ.ಎ. ತರಗತಿಯ ಬಾಗಿಲು ಎಲ್ಲಕ್ಕಿಂತ ಬೇಗ ತೆರೆಯುವುದು ಈ ಮೂರನೆಯವರಿಗೆ.

ಪದವಿ ಅಧ್ಯಾಪಕರಿಗೂ ಸ್ನಾತಕೋತ್ತರ ಅಧ್ಯಾಪಕರಿಗೂ ನಡುವಿನ ಈ ಗೋಡೆ ಮೊದಲಿನಿಂದ ಇದ್ದದ್ದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ವಿಶ್ವವಿದ್ಯಾಲಯವೆಂದರೆ ಮುಖ್ಯವಾಗಿ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಬಿ.ಎ.ಗೂ ಎಂ.ಎ.ಗೂ ಅವೇ ಕಟ್ಟಡಗಳು, ಅವರೇ ಮೇಷ್ಟರು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಕುವೆಂಪು ಆ ಮೊದಲ ತಂಡದ ವಿದ್ಯಾರ್ಥಿ. ಅವರಿಗೆ ಪಾಠ ಹೇಳಿದ ಟಿ. ಎಸ್. ವೆಂಕಣ್ಣಯ್ಯನವರಂಥವರ ಬಳಿ ಮೈಸೂರಿನ ಕನ್ನಡ ಎಂ.ಎ. ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಅಂಥ ಪದವಿಯೇ ಅಲ್ಲಿಯವರೆಗೆ ಇರಲಿಲ್ಲ. ಇಂದಿನ ಅರ್ಹತಾ ಪಟ್ಟಿ ಹಿಡಿದು ಕೂತರೆ ಆ ತರಗತಿಗೆ ಅಧ್ಯಾಪಕರೇ ದಕ್ಕುತ್ತಿರಲಿಲ್ಲ. 1929ರಲ್ಲಿ ಎಂ.ಎ. ಮುಗಿಸಿದ ಕುವೆಂಪು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು, ಮುಂದೆ ಪ್ರಾಂಶುಪಾಲರಾದರು, 1956ರಿಂದ 1960ರವರೆಗೆ ಕುಲಪತಿಯಾಗಿದ್ದರು. ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆಗೆಂದೇ ಒಂದು ಆವರಣ ಬೇಕೆಂದು ಹಂಬಲಿಸಿ, ಅದಕ್ಕೆ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟವರೂ ಅವರೇ.

ಆ ಹಂಬಲದಲ್ಲಿ ತಪ್ಪು ಹುಡುಕುವುದು ಅನ್ಯಾಯ. ಒಂದೇ ಕಡೆ ಗ್ರಂಥಾಲಯ, ಪ್ರಯೋಗಾಲಯ, ಹಲವು ವಿಭಾಗಗಳ ವಿದ್ವಾಂಸರು ಸೇರಿದ್ದರಿಂದ ಎಷ್ಟು ಒಳ್ಳೆಯ ಕೆಲಸ ಆಯಿತೆಂಬುದಕ್ಕೆ ನಾಡಿನ ಅರ್ಧ ಬೌದ್ಧಿಕ ಚರಿತ್ರೆಯೇ ಸಾಕ್ಷಿ. ಆದರೆ ಅದರ ಜೊತೆಗೆ, ಯಾರೂ ಉದ್ದೇಶಿಸದ ಒಂದು ಹೊಸ ಜಾತಿಯೂ ಹುಟ್ಟಿತು: 'ಪಿಜಿ ಮೇಷ್ಟರು'. ಮಹಾರಾಜ, ಯುವರಾಜ ಕಾಲೇಜುಗಳು ವಿಶ್ವವಿದ್ಯಾಲಯದವೇ ಆಗಿ ಉಳಿದದ್ದರಿಂದ ಅಲ್ಲಿನವರಿಗೆ ಗಂಗೋತ್ರಿಯ ದಾರಿ ಮುಚ್ಚಲಿಲ್ಲ. ಧಾರವಾಡದಲ್ಲಿಯೂ ಹೀಗೆಯೇ, ಎಂ. ಎಂ. ಕಲಬುರ್ಗಿಯವರು ಕರ್ನಾಟಕ ಕಾಲೇಜಿನಲ್ಲಿ ಅಧ್ಯಾಪಕರಾಗಿ ಆರಂಭಿಸಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಹೋದವರು. ಬಿ.ಎ. ಹುಡುಗರ ಗದ್ದಲದಲ್ಲಿ ಕೆಲವು ವರ್ಷ ಪಳಗಿ, ಬಳಿಕ ಎಂ.ಎ. ತರಗತಿಗೆ ಹೋಗುವ ಈ ರೂಢಿ ಒಂದು ತಲೆಮಾರಿನ ಅಧ್ಯಾಪಕರನ್ನು ತಯಾರು ಮಾಡಿತು. ಯಾರೂ ಅದನ್ನು ತರಬೇತಿ ಎಂದು ಕರೆದಿರಲಿಲ್ಲ, ಅಷ್ಟೇ.

ಅತ್ತ, ಸರ್ಕಾರದ ಮತ್ತು ಅನುದಾನಿತ ಕಾಲೇಜುಗಳು ಊರೂರಿಗೆ ಹುಟ್ಟಿಕೊಂಡವು. ಅಲ್ಲಿನ ಅಧ್ಯಾಪಕರ ಯಜಮಾನರೇ ಬೇರೆ. ಸ್ನಾತಕೋತ್ತರ ಕೇಂದ್ರಗಳು ಮಾತ್ರ ವಿಶ್ವವಿದ್ಯಾಲಯಗಳ ಕೈಯಲ್ಲೇ ಬೆಳೆದು, ತಾವೇ ವಿಶ್ವವಿದ್ಯಾಲಯಗಳಾದವು. 1968ರಲ್ಲಿ ಮೈಸೂರಿನವರು ಕೊಣಾಜೆಯಲ್ಲಿ ತೆರೆದ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಧಾರವಾಡದವರ ಕಲಬುರಗಿ ಕೇಂದ್ರ ಅದೇ ವರ್ಷ ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. ನಮ್ಮ ಕಡೆಯ, ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು. ಪದವಿ ಕಾಲೇಜಿನವರು ಈ ಬೆಳವಣಿಗೆಯನ್ನು ರಸ್ತೆಯ ಆಚೆ ಬದಿಯಿಂದ ನೋಡಿದರು.

ಈಗಿನ ನಿಯಮಗಳ ವಿಷಯಕ್ಕೆ ಬರೋಣ. ಸ್ವಲ್ಪ ಒಣ ಸಂಗತಿ, ಆದರೆ ಗುಟ್ಟೆಲ್ಲ ಇರುವುದು ಅಲ್ಲೇ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಮತ್ತು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯದ ಕೆ-ಸೆಟ್ ಬೇಕು. ನಿಗದಿತ ರೀತಿಯಲ್ಲಿ ಪಿಎಚ್.ಡಿ. ಪಡೆದವರಿಗೆ ನೆಟ್‌ನಿಂದ ವಿನಾಯಿತಿ. ವಿಶ್ವವಿದ್ಯಾಲಯದ ವಿಭಾಗಗಳಿಗೆ ಮಾತ್ರ 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಎಂದು ಅದೇ ನಿಯಮಾವಳಿ ಹೇಳಿತ್ತು. ಆ ಗಡುವನ್ನು 2023ರ ಜುಲೈಗೆ ಮುಂದೂಡಿದರು. ಗಡುವು ಬರುವ ಮುನ್ನಾದಿನ, ಜೂನ್ 30ರಂದು, ಆ ಷರತ್ತನ್ನೇ ತೆಗೆದುಹಾಕಿದರು. ಪಿಎಚ್.ಡಿ. ಮತ್ತೆ ಐಚ್ಛಿಕವಾಯಿತು. ಹಾಗಾಗಿ ಇಂದು ಬಿ.ಎ. ಮೊದಲ ಸೆಮಿಸ್ಟರಿಗೆ ಪಾಠ ಮಾಡುವವರಿಗೂ ಎಂ.ಎ. ಕೊನೆಯ ಸೆಮಿಸ್ಟರಿಗೆ ಪಾಠ ಮಾಡುವವರಿಗೂ ಬೇಕಾದ ಕನಿಷ್ಠ ಅರ್ಹತೆ ಒಂದೇ.

ಕನಿಷ್ಠ ಒಂದೇ ಇದ್ದರೂ ಆಯ್ಕೆಯ ತಕ್ಕಡಿ ಬೇರೆ. ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವ ಪಟ್ಟಿಯಲ್ಲಿ ನೂರಕ್ಕೆ 30 ಅಂಕ ಪಿಎಚ್.ಡಿ.ಗೇ ಹೋಗುತ್ತದೆ. ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2, ಗರಿಷ್ಠ 10. ಐದು ವರ್ಷ ಪಾಠ ಮಾಡಿದವರೂ ಇಪ್ಪತ್ತು ವರ್ಷ ಮಾಡಿದವರೂ ಅಲ್ಲಿ ಸಮ. ಸರ್ಕಾರಿ ಕಾಲೇಜಿನ ನೇಮಕಾತಿಯಲ್ಲಾದರೆ ಲಿಖಿತ ಪರೀಕ್ಷೆಯ ಅಂಕವೇ ನಿರ್ಣಾಯಕ. 2021ರಲ್ಲಿ ಅಧಿಸೂಚನೆ ಹೊರಟ 1,242 ಹುದ್ದೆಗಳು ಹೀಗೆಯೇ ತುಂಬಿದವು. ಎರಡು ಕಡೆಯೂ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಒಬ್ಬ ವಿದ್ಯಾರ್ಥಿಯ ಕಿರುಪ್ರಬಂಧವನ್ನು ಎಂದಾದರೂ ತಿದ್ದಿದ್ದೀರಾ?

ಇಲಾಖೆಯಲ್ಲಿ ಹದಿನೈದು ವರ್ಷ ಕಳೆದವರು ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ವರ್ಗಾವಣೆಯ ದಾರಿ ಇಲ್ಲ. ಹೊಸ ಅಭ್ಯರ್ಥಿಯಂತೆ ಅರ್ಜಿ ಹಾಕಬೇಕು. ಕೆಳಗಿನ ಹುದ್ದೆಗೆ ಹಾಕಿದರೆ ನಿನ್ನೆ ತಾನೇ ನೆಟ್ ಪಾಸಾದವರ ಜೊತೆ ಜ್ಯೇಷ್ಠತಾ ಪಟ್ಟಿಯ ತಳದಲ್ಲಿ ನಿಲ್ಲಬೇಕು. ಸಹ ಪ್ರಾಧ್ಯಾಪಕ ಹುದ್ದೆಗೆ ನೇರವಾಗಿ ಹಾಕೋಣವೆಂದರೆ ಪಿಎಚ್.ಡಿ., ಎಂಟು ವರ್ಷದ ಅನುಭವ, ಏಳು ಸಂಶೋಧನ ಲೇಖನ, 75 ಸಂಶೋಧನ ಅಂಕ ಬೇಕು. ಪ್ರಾಧ್ಯಾಪಕ ಹುದ್ದೆಗೆ ಹತ್ತು ವರ್ಷ, ಹತ್ತು ಲೇಖನ, 120 ಅಂಕ. ಅನುಭವದ ಲೆಕ್ಕ ನಮ್ಮಲ್ಲಿ ಧಾರಾಳವಾಗಿ ಇರುತ್ತದೆ. ಲೇಖನದ ಲೆಕ್ಕದಲ್ಲಿ ಸೋಲುತ್ತೇವೆ. ವಾರಕ್ಕೆ 16 ಗಂಟೆ ಪಾಠ, ನಡುವೆ ಚುನಾವಣೆ ಕೆಲಸ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದು ಕಡತ ಜೋಡಿಸುವ ಕೆಲಸ; ಇವುಗಳ ಎಡೆಯಲ್ಲಿ ಬರೆಯಬೇಕೆಂದರೆ ಬೇಕಾದ ಪುಸ್ತಕ ಜಿಲ್ಲಾ ಕೇಂದ್ರದಲ್ಲೂ ಸಿಗುವುದಿಲ್ಲ. ಇದೆಲ್ಲ ಗೆದ್ದು ಅರ್ಜಿ ಹಾಕುವವರಿಗೂ ಹುದ್ದೆ ಕರೆಯಬೇಕಲ್ಲ! ವಿಶ್ವವಿದ್ಯಾಲಯಗಳ ಖಾಲಿ ಹುದ್ದೆ ತುಂಬಲು ಸರ್ಕಾರದ ಹಣಕಾಸು ಇಲಾಖೆ ಒಪ್ಪಬೇಕು. ಒಂದಿಬ್ಬರು ಕಾಯಂ ಅಧ್ಯಾಪಕರ ಹೆಗಲ ಮೇಲೆ ಇಡೀ ವಿಭಾಗ ನಿಂತಿರುವುದು ಹಳೆಯ ವಿಶ್ವವಿದ್ಯಾಲಯಗಳಲ್ಲೂ ಈಗ ಸುದ್ದಿಯಲ್ಲ.

ಗೋಡೆ ದಾಟಲು ಆಗದವರ ಬಳಿಗೆ ಪಿಜಿಯೇ ಬಂದದ್ದು ಕಳೆದ ಎರಡು ದಶಕಗಳ ಬೆಳವಣಿಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ಉಜಿರೆ, ಮೂಡುಬಿದಿರೆಗಳಂಥ ಊರುಗಳ ಖಾಸಗಿ ಕಾಲೇಜುಗಳಲ್ಲಿ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಶುರುವಾದವು. ಇದರಿಂದ ಆದ ಉಪಕಾರವನ್ನು, ಅದರಲ್ಲೂ ಹೆಣ್ಣುಮಕ್ಕಳಿಗೆ ಆದದ್ದನ್ನು, ನಾನು ಕಣ್ಣಾರೆ ಕಂಡಿದ್ದೇನೆ. ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಹಾಸ್ಟೆಲಿಗೆ ಕಳಿಸಲು ಒಪ್ಪದ ಮನೆಯವರು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವ ಎಂ.ಎ.ಗೆ ಒಪ್ಪುತ್ತಾರೆ. ನನ್ನ ತರಗತಿಯಲ್ಲಿ ಮೂರು ಪಾಲಿನಲ್ಲಿ ಎರಡು ಪಾಲು ಹುಡುಗಿಯರೇ ಇದ್ದರು.

ಆದರೆ ಕೋರ್ಸ್ ಕೊಟ್ಟ ಕೈ ಹುದ್ದೆ ಕೊಡಲಿಲ್ಲ. ಹೊಸ ಕೋರ್ಸ್ ಕೇಳಿದಾಗ ವಿಶ್ವವಿದ್ಯಾಲಯದಿಂದ ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ. ಕೊಠಡಿ, ಪುಸ್ತಕ, ಅಧ್ಯಾಪಕರ ಅರ್ಹತೆ ನೋಡಿ ವರದಿ ಬರೆಯುತ್ತದೆ. ಅಧ್ಯಾಪಕರ ಕಾಲಂನಲ್ಲಿ ಪದವಿ ವಿಭಾಗದವರ ಹೆಸರೇ ತುಂಬುತ್ತದೆ. ಪಿಜಿಗೆಂದೇ ಪ್ರತ್ಯೇಕ ಹುದ್ದೆ ಮಂಜೂರಾಗುವುದು ಅಪರೂಪ. ಒಬ್ಬರೇ ಬೆಳಿಗ್ಗೆ ಹತ್ತಕ್ಕೆ ಬಿ.ಎ. ಮೊದಲ ವರ್ಷದ ಎಂಬತ್ತು ಮಂದಿಗೆ, ಹನ್ನೆರಡಕ್ಕೆ ಎಂ.ಎ.ಯ ಹದಿನಾರು ಮಂದಿಗೆ ಪಾಠ ಮಾಡುತ್ತಾರೆ. ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗುವ ನಾಲ್ಕು ನಿಮಿಷದಲ್ಲಿ ತಲೆಯೊಳಗಿನ ಗೇರು ಬದಲಾಗಬೇಕು.

ಏನು ಬದಲಾಗಬೇಕು ಎಂಬುದನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ. ಹಲ್ಮಿಡಿ ಶಾಸನದ ಪಾಠ ನಡೆದಿತ್ತು. ಬಿ.ಎ.ಯಲ್ಲಿ ಅದು ಒಂದು ಅಂಕದ ಪ್ರಶ್ನೆ: ಕನ್ನಡದ ಮೊದಲ ಶಾಸನ ಯಾವುದು, ಹಲ್ಮಿಡಿ, ಕ್ರಿ.ಶ. 450. ಒಂಬತ್ತು ವರ್ಷ ಇದನ್ನು ಹೇಳಿ ನನಗೆ ಬಾಯಿಪಾಠವಾಗಿತ್ತು. ಎಂ.ಎ. ತರಗತಿಯಲ್ಲೂ ಅದೇ ಹುಮ್ಮಸ್ಸಿನಲ್ಲಿ ಹೇಳಿದೆ. ಮೂರನೆಯ ಬೆಂಚಿನಿಂದ ಒಂದು ಹುಡುಗಿ ಎದ್ದು, 'ಮೇಡಂ, 450 ಎಂದು ಕಲ್ಲಿನಲ್ಲೇ ಬರೆದಿದೆಯೇ?' ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ಓದಿದಾಗ ತಿಳಿದದ್ದು: ಬರೆದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ ಹದಿನಾರು ಸಾಲಿನ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. 450 ಎಂಬುದು ಲಿಪಿಯ ರೂಪ, ಭಾಷೆ, ಕದಂಬ ಕಾಕುಸ್ಥನ ಹೆಸರು ಮುಂತಾದವನ್ನು ಇಟ್ಟುಕೊಂಡು ವಿದ್ವಾಂಸರು ಮಾಡಿದ ಅಂದಾಜು. ಆ ಅಂದಾಜಿನ ಬಗೆಗೆ ವಾದಗಳಿವೆ. ಇತ್ತ ನಮ್ಮದೇ ಜಿಲ್ಲೆಯ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಬಳಿ ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ (ಸಿಂಹ ಕೆತ್ತಿದ ಮೆಟ್ಟಿಲ ಕೈಪಿಡಿಯ) ಶಾಸನ ಕ್ರಿ.ಶ. 370ರದು, ಅದೇ ಹಳೆಯದು ಎಂಬ ವಾದವೂ ಬಂದಿದೆ. ಒಂದು ಅಂಕದ ಉತ್ತರವೆಂದು ನಾನು ನಂಬಿದ್ದದ್ದು ಮೂರು ಗಂಟೆಯ ಚರ್ಚೆಯೂ ಸಾಲದ ಪ್ರಶ್ನೆಯಾಗಿತ್ತು.

ಮಾರನೆಯ ವಾರ ಹದಿನಾರು ಮಂದಿಯನ್ನೂ ಕೆಂಪು ಬಸ್ಸಿನಲ್ಲಿ ತಾಳಗುಂದಕ್ಕೆ ಕರೆದೊಯ್ದೆ. ಸ್ತಂಭ ಶಾಸನದ ಮುಂದೆ ನಿಂತು, ಇದನ್ನು ಓದಿದವರು ಯಾರು, ಹೇಗೆ ಓದಿದರು, ಎಲ್ಲಿ ತಪ್ಪಿರಬಹುದು ಎಂದು ಮಾತನಾಡಿದೆವು. ನನ್ನ ಮಟ್ಟಿಗೆ ಎಂ.ಎ. ಪಾಠ ಆರಂಭವಾದದ್ದು ಅಂದು. ವೇಳಾಪಟ್ಟಿಯ ಪ್ರಕಾರ ಅದು ಏಳನೆಯ ವಾರ.

ಪದವಿ ತರಗತಿಯಲ್ಲಿ ನಾವು ತೀರ್ಮಾನಗಳನ್ನು ಹೇಳುತ್ತೇವೆ; ಹೇಳಬೇಕಾದದ್ದೂ ಸರಿಯೇ, ಏಕೆಂದರೆ ಹೊಯ್ಸಳರು ಯಾರೆಂದೇ ತಿಳಿಯದವರ ಮುಂದೆ ಹೊಯ್ಸಳರ ಬಗೆಗಿನ ವಾದವಿವಾದ ಇಡಲಾಗದು. ಎಂ.ಎ.ಯಲ್ಲಿ ಆ ತೀರ್ಮಾನಕ್ಕೆ ಬಂದ ದಾರಿಯನ್ನು ತೋರಿಸಬೇಕು. ಅಧ್ಯಾಪಕರು 'ಗೊತ್ತಿಲ್ಲ' ಎನ್ನಲು ಕಲಿಯಬೇಕು, ಮತ್ತು ಆ ಮಾತನ್ನು ಹೇಳಿದ ಮೇಲೂ ತರಗತಿ ಕೈತಪ್ಪದಂತೆ ನೋಡಿಕೊಳ್ಳಬೇಕು. ಹತ್ತು ವರ್ಷ ಬಿ.ಎ.ಗೆ ಚೆನ್ನಾಗಿ ಪಾಠ ಮಾಡಿದವರಿಗೇ ಇದು ಹೆಚ್ಚು ಕಷ್ಟ. ಒಳ್ಳೆಯ ಬಿ.ಎ. ಮೇಷ್ಟರೆಂದರೆ ನಿರರ್ಗಳವಾಗಿ ಹೇಳುವವರು. ಆ ನಿರರ್ಗಳತೆಯೇ ಮೇಲಿನ ಮಹಡಿಯಲ್ಲಿ ಅಡ್ಡಿಯಾಗುತ್ತದೆ.

ಭಾಷೆಯದು ಇನ್ನೊಂದು ಗಂಟು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಓದಬೇಕಾದ ಸಂಶೋಧನ ಲೇಖನಗಳು ಬಹುತೇಕ ಇಂಗ್ಲಿಷಿನಲ್ಲಿ. ನಡುವೆ ಅಧ್ಯಾಪಕರು ಸೇತುವೆಯಾಗಬೇಕು: ಲೇಖನವನ್ನು ತಾವು ಓದಿ, ಕನ್ನಡದಲ್ಲಿ ತಿರುಳು ತೆಗೆದು, ವಾದದ ಬಿಗಿ ಸಡಿಲವಾಗದಂತೆ ಹೇಳಬೇಕು. ಒಂದು ಗಂಟೆಯ ಪಾಠಕ್ಕೆ ನಾಲ್ಕು ಗಂಟೆಯ ಕೆಲಸ. ಕಾರ್ಯಭಾರದ ನಮೂನೆಯಲ್ಲಿ ಅದು ಒಂದು ಗಂಟೆ ಎಂದೇ ದಾಖಲಾಗುತ್ತದೆ.

ಕಿರುಪ್ರಬಂಧದ ಕಥೆ ಹೇಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಬರೆಯಬೇಕು, ಒಬ್ಬ ಅಧ್ಯಾಪಕರು ಮಾರ್ಗದರ್ಶನ ಮಾಡಬೇಕು. ಜೆರಾಕ್ಸ್ ಅಂಗಡಿಗಳಲ್ಲಿ ಹಿಂದಿನ ವರ್ಷದವರ ಪ್ರಬಂಧಗಳ ಕಂಪ್ಯೂಟರ್ ಪ್ರತಿ ಇರುತ್ತದೆ. ಹೆಸರು, ಊರು ಬದಲಾಯಿಸಿ, ಚಿನ್ನದ ಅಕ್ಷರದ ಬೈಂಡಿಂಗ್ ಹಾಕಿ ಕೊಡುತ್ತಾರೆ. ಮೊದಲ ವರ್ಷ ನಾನೂ ಅಂಥ ಎರಡಕ್ಕೆ ಸಹಿ ಹಾಕಿದೆ ಎಂದು ಒಪ್ಪಿಕೊಳ್ಳುತ್ತೇನೆ. ಗುರುತಿಸುವ ಕಣ್ಣು ಆಗ ಇರಲಿಲ್ಲ. ಮೂರನೆಯ ವರ್ಷ ಒಬ್ಬ ಹುಡುಗ ತನ್ನೂರು ಮತ್ತು ಸುತ್ತಲಿನ ಆರು ಹಳ್ಳಿಗಳ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಅಳತೆ ಬರೆದು, ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಶಿವಮೊಗ್ಗ ಸಂಪುಟಗಳ ಜೊತೆ ಹೋಲಿಸಿ ನೋಡಿದ. ಅದರಲ್ಲಿ ಸೇರದ ಕಲ್ಲುಗಳೂ ಅವನ ಪಟ್ಟಿಯಲ್ಲಿದ್ದವು. ಅವನ ಜೊತೆ ಕೆಲಸ ಮಾಡಿದ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದು ನನ್ನ ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಈಗ ಆ ಮೂರನೆಯ ದಾರಿ. ಎಂ.ಎ. ಮುಗಿಸಿದ ಹುಡುಗನೊಬ್ಬ ಕೆ-ಸೆಟ್ ಪಾಸು ಮಾಡುತ್ತಾನೆ, ಪಿಎಚ್.ಡಿ.ಗೆ ನೋಂದಾಯಿಸುತ್ತಾನೆ. ವಿಭಾಗದಲ್ಲಿ ಪಾಠಕ್ಕೆ ಜನ ಇಲ್ಲ. ಅತಿಥಿ ಉಪನ್ಯಾಸಕರಿಗೆ ಅರ್ಜಿ ಕರೆಯುತ್ತಾರೆ. ಮೂರು ವರ್ಷದ ಹಿಂದೆ ಯಾವ ಬೆಂಚಿನಲ್ಲಿ ಕೂತಿದ್ದನೋ ಅದೇ ಬೆಂಚಿನ ಎದುರು ನಿಂತು ಅವನು ಪಾಠ ಮಾಡುತ್ತಾನೆ. ಪದವಿ ತರಗತಿಯ ಮುಖವನ್ನೇ ನೋಡದೆ ನೇರ ಎಂ.ಎ.ಗೆ. ಅದೇ ಊರಿನಲ್ಲಿ ಅವನಿಗೆ ಬಿ.ಎ.ಯಲ್ಲಿ ಕಲಿಸಿದ, ಪಿಎಚ್.ಡಿ. ಪಡೆದ, ಇಪ್ಪತ್ತು ವರ್ಷದ ಸೇವೆಯ ಮೇಡಂ ಇನ್ನೂ ಬಿ.ಎ. ಮೊದಲ ವರ್ಷಕ್ಕೆ ಒಂದು ಅಂಕದ ಪ್ರಶ್ನೆ ಬರೆಸುತ್ತಿರುತ್ತಾರೆ.

ಆ ಹುಡುಗನನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. ಅಂಥವರಲ್ಲಿ ಹಲವರು ನನಗಿಂತ ಚೆನ್ನಾಗಿ ಓದಿಕೊಂಡವರು. ಹೊಸ ಸಂಶೋಧನೆಯ ಪರಿಚಯ ಅವರಿಗೆ ಬಿಸಿಬಿಸಿಯಾಗಿ ಇರುತ್ತದೆ. ಅವರಿಗೆ ವ್ಯವಸ್ಥೆ ಮಾಡುತ್ತಿರುವುದು ಬೇರೆಯೇ ಬಗೆಯ ಅನ್ಯಾಯ. 2018ರ ನಿಯಮಾವಳಿಯಲ್ಲಿ ಹಿಂದಿನ ಸೇವೆಯನ್ನು ಲೆಕ್ಕಕ್ಕೆ ಹಿಡಿಯುವ ಬಗೆಗೆ ಒಂದು ಷರತ್ತಿದೆ: ತಾತ್ಕಾಲಿಕ, ಗುತ್ತಿಗೆ ಸೇವೆ ಎಣಿಕೆಗೆ ಬರಬೇಕಾದರೆ ಆಗ ಪಡೆದ ಒಟ್ಟು ಸಂಭಾವನೆ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. ಕಾಯಂ ಹುದ್ದೆಯ ಆರಂಭದ ಮೂಲ ವೇತನವೇ 57,700 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ 2022ರ ಜನವರಿಯವರೆಗೆ 11,000ದಿಂದ 13,000 ರೂಪಾಯಿ ಇತ್ತು. ಆಗ ಅದನ್ನು 26,000ದಿಂದ 32,000ಕ್ಕೆ ಏರಿಸಿ, ವಾರದ ಪಾಠವನ್ನು 15 ಗಂಟೆಗೆ ಹೆಚ್ಚಿಸಿದರು. ಇಬ್ಬರ ಪಾಠ ಒಬ್ಬರಿಗೆ ಹೋದದ್ದರಿಂದ ಕೆಲಸ ಕಳೆದುಕೊಂಡವರೂ ಇದ್ದರು. ಅವರ ಹೋರಾಟದ ನಡುವೆ, 2024ರ ಆರಂಭದಿಂದ, ಸೇವಾವಧಿ ನೋಡಿ 5,000ದಿಂದ 8,000 ರೂಪಾಯಿ ಸೇರಿತು. ಎಷ್ಟೇ ಕೂಡಿಸಿದರೂ ಷರತ್ತಿನ ಮೊತ್ತ ದೂರವೇ ಉಳಿಯುತ್ತದೆ.

ಇದರ ಅರ್ಥ ಸರಳ. ಹತ್ತು ವರ್ಷ ಪಾಠ ಮಾಡಿದ ಅತಿಥಿ ಉಪನ್ಯಾಸಕರೊಬ್ಬರು ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರೆ ಆ ಹತ್ತು ವರ್ಷಕ್ಕೆ ಕಾಗದದ ಮೇಲೆ ಬೆಲೆ ಸೊನ್ನೆ. ಕಡಿಮೆ ಸಂಬಳ ಕೊಟ್ಟವರೇ, ಸಂಬಳ ಕಡಿಮೆಯಿತ್ತಲ್ಲ ಎಂದು ಅನುಭವವನ್ನೂ ಅಳಿಸುತ್ತಾರೆ.

ಸಂಶೋಧನ ಮಾರ್ಗದರ್ಶನಕ್ಕೆ ಬಂದರೆ ಗೋಡೆ ಇನ್ನೂ ಎತ್ತರ. 2022ರ ನವೆಂಬರಿನಲ್ಲಿ ಬಂದ ಪಿಎಚ್.ಡಿ. ನಿಯಮಾವಳಿಯಂತೆ ಗೈಡ್ ಆಗಲು ಕಾಯಂ ಅಧ್ಯಾಪಕರೇ ಆಗಿರಬೇಕು. ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್.ಡಿ. ಜೊತೆ ಕನಿಷ್ಠ ಮೂರು, ಮೇಲಿನವರಿಗೆ ಐದು ಲೇಖನ ಪ್ರಕಟವಾಗಿರಬೇಕು. ಒಬ್ಬ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಿಂತ ಹೆಚ್ಚು ಸಂಶೋಧಕರನ್ನು ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇಬ್ಬರೇ ಕಾಯಂ ಇರುವ ವಿಭಾಗದಲ್ಲಿ ಒಬ್ಬರಿಗೆ ಐವತ್ತೊಂಬತ್ತು ತುಂಬಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿ.

ಹಾಗಾದರೆ ಸರ್ಕಾರಿ ಕಾಲೇಜುಗಳ ಪಿಎಚ್.ಡಿ. ಪಡೆದ ಕಾಯಂ ಅಧ್ಯಾಪಕರನ್ನು ಈ ಕೆಲಸಕ್ಕೆ ಬಳಸಬಹುದಲ್ಲ? ನಿಯಮ ಬೇಡವೆನ್ನುವುದಿಲ್ಲ, ವಿಶ್ವವಿದ್ಯಾಲಯದ ಸಂಯೋಜನೆ ಪಡೆದ ಸ್ನಾತಕೋತ್ತರ ಕಾಲೇಜುಗಳಲ್ಲಿರುವವರೂ ಗೈಡ್ ಆಗಬಹುದು. ಆದರೆ ಅವರಿಗೆ ಅದರಿಂದ ಬರುವುದೇನು? ವಿಶ್ವವಿದ್ಯಾಲಯದ ಅಧ್ಯಾಪಕರು ಸಹ ಪ್ರಾಧ್ಯಾಪಕರಾಗಿ ಬಡ್ತಿ ಪಡೆಯಬೇಕಾದರೆ ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗಾದರೂ ಮಾರ್ಗದರ್ಶನ ಮಾಡಿದ ದಾಖಲೆ ಬೇಕು. ಕಾಲೇಜಿನ ಅಧ್ಯಾಪಕರ ಬಡ್ತಿಗೆ ಆ ಷರತ್ತಿಲ್ಲ. ದಯೆಯಿಂದ ಮಾಡಿದ ವಿನಾಯಿತಿ ಅದು, ಒಪ್ಪೋಣ. ಫಲ ಮಾತ್ರ ಹೀಗಾಗಿದೆ: ಕಾಲೇಜಿನಲ್ಲಿ ಎಂ.ಎ.ಗೆ ಪಾಠ ಮಾಡಿ, ಕಿರುಪ್ರಬಂಧ ತಿದ್ದಿ, ಸಂಶೋಧಕರನ್ನು ಬೆಳೆಸಿದವರಿಗೂ, ಇದ್ಯಾವುದರ ಗೊಡವೆಗೆ ಹೋಗದವರಿಗೂ ಬಡ್ತಿಯ ಏಣಿ ಒಂದೇ. ನನ್ನ ಸಹೋದ್ಯೋಗಿಯೊಬ್ಬರು ಎರಡು ವರ್ಷ ಪಿಜಿ ಪಾಠ ಮಾಡಿ, 'ಸಾಕು ಸರ್, ನನ್ನನ್ನು ಬಿಟ್ಟುಬಿಡಿ' ಎಂದು ಪ್ರಾಂಶುಪಾಲರಿಗೆ ಕೈಮುಗಿದರು. ಅವರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ತರಬೇತಿ ಇಲ್ಲವೇ ಎಂದರೆ ಇದೆ. 1987ರಿಂದಲೂ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಿದ್ದವು. ಈಗ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ. ಸೇರಿದವರಿಗೆ ಆರಂಭದ ತರಬೇತಿ, ಬಳಿಕ ಪುನಶ್ಚೇತನ ಶಿಬಿರಗಳು. ಬಡ್ತಿಗೆ ಅವುಗಳ ಪ್ರಮಾಣಪತ್ರ ಬೇಕು. ನಾನು ಹೋದ ಶಿಬಿರಗಳಲ್ಲಿ ಒಳ್ಳೆಯ ಉಪನ್ಯಾಸ ಕೇಳಿದ್ದೇನೆ, ಒಳ್ಳೆಯ ಊಟ ಮಾಡಿದ್ದೇನೆ, ಗೆಳತಿಯರನ್ನು ಸಂಪಾದಿಸಿದ್ದೇನೆ. ಕಿರುಪ್ರಬಂಧದ ವಿಷಯ ಆರಿಸುವಾಗ ವಿದ್ಯಾರ್ಥಿಯನ್ನು ಏನು ಕೇಳಬೇಕು, ಹದಿನಾರು ಮಂದಿಯ ಸೆಮಿನಾರ್ ನಡೆಸುವುದು ಹೇಗೆ, ಆಂತರಿಕ ಅಂಕ ಕೊಡುವಾಗ ಮುಲಾಜಿಗೆ ಬೀಳದಿರುವುದು ಹೇಗೆ ಎಂಬುದರ ಬಗೆಗೆ ಒಂದು ಅವಧಿಯೂ ಇರಲಿಲ್ಲ.

ನಡುವೆ ಎರಡು ಬಾಗಿಲು ತೆರೆದಂತೆ ಕಂಡವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಬಂದಾಗ, ನಾಲ್ಕನೆಯ ವರ್ಷದ ಸಂಶೋಧನ ಪಾಠ ಪದವಿ ಕಾಲೇಜಿನ ಅಂಗಳಕ್ಕೇ ಬರುತ್ತದೆಂಬ ಆಸೆ ಹುಟ್ಟಿತು. 2024-25ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಇನ್ನೊಂದು, ಹಾಸನ, ಕೊಡಗು, ಹಾವೇರಿ, ಚಾಮರಾಜನಗರ ಮುಂತಾದ ಕಡೆ ಹಳೆಯ ಸ್ನಾತಕೋತ್ತರ ಕೇಂದ್ರಗಳ ಬುಡದಲ್ಲೇ ಎದ್ದ ಹೊಸ ವಿಶ್ವವಿದ್ಯಾಲಯಗಳು. ಹೊಸ ಫಲಕ ಬಂತು, ಹೊಸ ಕುಲಪತಿ ಬಂದರು. ಪಾಠ ಮಾಡುವವರು ಬಹುಪಾಲು ಅದೇ ಅತಿಥಿಗಳು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತೆತ್ತಿದಾಗ ಅಲ್ಲಿಗೆ ಹೋಗುವ ಕನಸು ಕಟ್ಟಿದ್ದ ನಮ್ಮಂಥವರು ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಿದೆವು.

ಕೋಟಿಗಟ್ಟಲೆ ಹಣ ಬೇಡದ ದಾರಿಗಳೂ ಇವೆ. ಪಿಜಿ ಪೇಪರ್ ಮೊದಲ ಬಾರಿ ಕೊಡುವಾಗ ಒಂದು ಸೆಮಿಸ್ಟರ್ ಮೊದಲೇ ಹೇಳಬಹುದು. ಆ ಅವಧಿಯಲ್ಲಿ ಹಿರಿಯರೊಬ್ಬರ ತರಗತಿಯಲ್ಲಿ, ಮೌಖಿಕ ಪರೀಕ್ಷೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಬಿಡಬಹುದು. ಎಂ.ಎ.ಯ ಒಂದು ಗಂಟೆಯನ್ನು ಕಾರ್ಯಭಾರದಲ್ಲಿ ಒಂದೂವರೆ ಎಂದು ಎಣಿಸಬಹುದು. ವಿಶ್ವವಿದ್ಯಾಲಯದ ವಿಭಾಗವೊಂದು ತನ್ನ ಸುತ್ತಲಿನ ಸರ್ಕಾರಿ ಕಾಲೇಜುಗಳ ಪಿಎಚ್.ಡಿ. ಪಡೆದ ಅಧ್ಯಾಪಕರನ್ನು ಸೆಮಿಸ್ಟರಿಗೆ ಒಂದು ಪೇಪರಿಗೆ ಕರೆಯಬಹುದು, ಅವರ ಕಾಲೇಜಿನ ಪಾಠವನ್ನು ಅಷ್ಟರಮಟ್ಟಿಗೆ ಇಲಾಖೆ ಇಳಿಸಬಹುದು. ಅತಿಥಿ ಉಪನ್ಯಾಸಕರು ಆ ಕಾಲೇಜಿಗೆ ಬಂದು ಪದವಿ ತರಗತಿಯ ಪಾಠದಲ್ಲಿ ಪಳಗಬಹುದು. ಬೇಕಾದದ್ದು ಎರಡು ಕಚೇರಿಗಳ ನಡುವೆ ಒಂದು ಒಪ್ಪಂದ. ಈ ಸಲಹೆಯನ್ನು ನಮ್ಮಲ್ಲಿ ಕೆಲವರು ಬರೆದು ಕೊಟ್ಟೆವು. ಒಂದು ಕಚೇರಿ, 'ಇದು ಅವರಿಗೆ ಸಂಬಂಧಿಸಿದ್ದು' ಎಂದಿತು. ಇನ್ನೊಂದು ಉತ್ತರಿಸಲಿಲ್ಲ.

ಗೋಡೆ ಪೂರ್ತಿ ಮುಚ್ಚಿದೆ ಎಂದೇನೂ ಅಲ್ಲ. ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಎಂ.ಎ. ಉತ್ತರಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಬೇಕು, ಅಂಕದಲ್ಲಿ ಅಂತರ ಹೆಚ್ಚಿದ್ದರೆ ಮೂರನೆಯವರು. ಅಷ್ಟು ಜನ ವಿಭಾಗಗಳಲ್ಲಿ ಇಲ್ಲ. ಆಗ ಪದವಿ ಕಾಲೇಜಿನ ನಾವು ನೆನಪಾಗುತ್ತೇವೆ, ನಮ್ಮ ಪಿಎಚ್.ಡಿ., ನಮ್ಮ ಅನುಭವ ಎಲ್ಲವೂ ಅರ್ಹವಾಗುತ್ತವೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಏನು ಕಲಿತಿದ್ದಾರೆಂದು ಅವರ ಬರವಣಿಗೆಯಿಂದ ತಿಳಿಯುತ್ತೇವೆ. ಕಳೆದ ಬಾರಿ ಅರವತ್ತು ಪತ್ರಿಕೆ ತಿದ್ದಿದೆ. ಹಲ್ಮಿಡಿಯ ಪ್ರಶ್ನೆ ಇತ್ತು. ಐವತ್ತೆಂಟು ಮಂದಿ 'ಕ್ರಿ.ಶ. 450' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು.